ಕೇಳಿ ನೋಡಿ: ವಿಮಾನದಲ್ಲಿ ಸೋರುವ ವೇಪ್, ಉಪ್ಪಿನಕಾಯಿ, ಪೆನ್ನು

ಪ್ರಶ್ನೆ: ನಮಸ್ಕಾರ ಮೇಡಂ. ನಾನು ತಿಪಟೂರಿನವನು, ಆರು ವರ್ಷದಿಂದ ಇಂಗ್ಲೆಂಡಿನ ಲೀಡ್ಸ್‌ನಲ್ಲಿದ್ದೇನೆ. ಸಿಗರೇಟ್ ಬಿಟ್ಟು ಒಂದೂವರೆ ವರ್ಷ ಆಯಿತು. ಅದರ ಬದಲು ವೇಪ್, ಅಂದರೆ ಬ್ಯಾಟರಿಯ ಇ-ಸಿಗರೇಟ್ ಸೇದುತ್ತೇನೆ. ಲಿಕ್ವಿಡ್ ತುಂಬಿಸಿಕೊಳ್ಳುವ ಟ್ಯಾಂಕ್ ಇರುವಂಥದ್ದು. ಮನೆಯಲ್ಲಿ ಒಂದು ಹನಿಯೂ ಸೋರುವುದಿಲ್ಲ. ವಿಮಾನ ಹತ್ತಿದರೆ ಸಾಕು, ಇಳಿಯುವಷ್ಟರಲ್ಲಿ ಬ್ಯಾಗೆಲ್ಲ ಅಂಟಂಟು. ಕಳೆದ ಸಲ ಪಾಸ್‌ಪೋರ್ಟ್ ಕವರ್ ಹಾಳಾಯಿತು. ಮುಂದಿನ ತಿಂಗಳು ಗೆಳೆಯನ ಮದುವೆಗೆ ಸ್ಪೇನ್‌ಗೆ ಹೋಗಬೇಕು. ಡಿಸೆಂಬರ್‌ನಲ್ಲಿ ಅಪ್ಪನ ಅರವತ್ತರ ಶಾಂತಿಗೆ ಊರಿಗೆ ಬರುತ್ತಿದ್ದೇನೆ. ಸೋರದ ಹಾಗೆ ಒಯ್ಯುವುದು ಹೇಗೆ? ನೀವು ಫಿಸಿಕ್ಸ್ ಮೇಡಂ ಅಂತ ಕೇಳುತ್ತಿದ್ದೇನೆ.
— ಓದುಗ, ಲೀಡ್ಸ್

ಉತ್ತರ: ಮೊದಲು ಒಂದು ಮಾತು. ಒಂದೂವರೆ ವರ್ಷದಿಂದ ಸಿಗರೇಟ್ ಮುಟ್ಟಿಲ್ಲ ಅಂದಿರಲ್ಲ, ಓದಿ ತುಂಬಾ ಖುಷಿಯಾಯಿತು. ನನ್ನ ಅಣ್ಣ ಮೂವತ್ತು ವರ್ಷ ಸೇದಿದ. ಕೊನೆಯ ಎರಡು ವರ್ಷ ಅವನಿಗೆ ಮಂಚದಿಂದ ಬಚ್ಚಲಿಗೆ ನಡೆಯಲೂ ಉಸಿರು ಸಾಲುತ್ತಿರಲಿಲ್ಲ. ಹಾಗಾಗಿ ನಿಮಗೆ ಬುದ್ಧಿ ಹೇಳಲು ಹೋಗುವುದಿಲ್ಲ. ವೇಪ್ ಒಳ್ಳೆಯದು ಅಂತ ಇದರ ಅರ್ಥ ಅಲ್ಲ. ಅದರಲ್ಲೂ ನಿಕೋಟಿನ್ ಇದೆ, ಚಟ ಇದೆ. ಒಂದು ದಿನ ಅದನ್ನೂ ಬಿಡಿ. ಆದರೆ ಮತ್ತೆ ಸಿಗರೇಟಿಗೆ ಮಾತ್ರ ಹೋಗಬೇಡಿ.

ಈಗ ಸೋರುವ ವಿಷಯ. ಇದನ್ನು ನಾನು ಕಣ್ಣಾರೆ ನೋಡಿದ್ದೇನೆ. ಮಗಳು ಅಳಿಯ ಲೆಸ್ಟರ್‌ನಲ್ಲಿದ್ದಾರೆ. ಅಳಿಯನೂ ನಿಮ್ಮ ಹಾಗೆಯೇ ಸಿಗರೇಟ್ ಬಿಟ್ಟು ವೇಪ್ ಹಿಡಿದವರು. ಎರಡು ವರ್ಷದ ಹಿಂದೆ ನಾನು ಅಲ್ಲಿದ್ದಾಗ ಎಲ್ಲರೂ ಸೇರಿ ಸ್ಪೇನಿನ ಅಲಿಕಾಂಟೆಗೆ ಹೋಗಿದ್ದೆವು. ಹೋಟೆಲಿನ ಬಾಲ್ಕನಿಯಲ್ಲಿ ಅಳಿಯ ಮೊದಲ ಸಲ ಎಳೆದರು ನೋಡಿ, ಒಳಗಿಂದ ಗುಳುಗುಳು ಅಂತ ಹುಕ್ಕದ ಹಾಗೆ ಸದ್ದು. ಆಮೇಲೆ ಬಾಯಿಗೇ ಲಿಕ್ವಿಡ್ ಸಿಡಿಯಿತು. ಮುಖ ಹಿಂಡಿಕೊಂಡು ಬಾಯಿ ತೊಳೆಯಲು ಓಡಿದರು. "ಟ್ಯಾಂಕ್ ಹಾಳಾಗಿದೆ ಅತ್ತೆ, ಬೇರೆ ತಗೋಬೇಕು" ಅಂದರು. ನಾನು ಕೇಳಿ ಈಸಿಕೊಂಡು ನೋಡಿದೆ. ಗಾಜು ಸರಿಯಾಗಿತ್ತು. ರಬ್ಬರ್ ರಿಂಗ್ ಸರಿಯಾಗಿತ್ತು. ಟ್ಯಾಂಕ್ ಅರ್ಧ ಮಾತ್ರ ತುಂಬಿತ್ತು. ಉತ್ತರ ಇರುವುದೇ ಆ ಖಾಲಿ ಅರ್ಧದಲ್ಲಿ.

ಖಾಲಿ ಅಂದರೆ ಖಾಲಿ ಅಲ್ಲ, ಗಾಳಿ. ವಿಮಾನ 35,000 ಅಡಿ ಮೇಲೆ ಹಾರುವಾಗ ಒಳಗೆ ನಮಗೆ ಉಸಿರಾಡಲು ಗಾಳಿಯ ಒತ್ತಡ ಹೆಚ್ಚಿಸಿರುತ್ತಾರೆ. ಆದರೆ ನೆಲದ ಮಟ್ಟಕ್ಕೆ ತರುವುದಿಲ್ಲ. ಸಾಮಾನ್ಯವಾಗಿ 6,000ದಿಂದ 8,000 ಅಡಿ ಎತ್ತರದ ಬೆಟ್ಟದಲ್ಲಿ ಎಷ್ಟು ಇರುತ್ತದೋ ಅಷ್ಟು. ಅಂದರೆ ನಮ್ಮ ಮುಳ್ಳಯ್ಯನಗಿರಿ ತುದಿಗೂ ಊಟಿಯ ದೊಡ್ಡಬೆಟ್ಟಕ್ಕೂ ನಡುವೆ ಎಲ್ಲೋ ಕೂತ ಹಾಗೆ. 8,000 ಅಡಿಯಲ್ಲಿ ಒತ್ತಡ ಸಮುದ್ರ ಮಟ್ಟದ ಮುಕ್ಕಾಲು ಭಾಗ ಮಾತ್ರ. ಹೊರಗೆ ಒತ್ತಡ ಇಳಿದಾಗ ಟ್ಯಾಂಕಿನೊಳಗೆ ಸಿಕ್ಕಿಕೊಂಡ ಗಾಳಿ ಉಬ್ಬುತ್ತದೆ. ಬಾಯ್ಲ್ ನಿಯಮ ಅಂತ ಪಿಯುಸಿಯಲ್ಲಿ ಓದಿರುತ್ತೀರಿ, ಅದೇ. ಒಂದು ಪಾಲು ಗಾಳಿ ಒಂದೂಕಾಲಿಗೂ ಜಾಸ್ತಿ, ಹೆಚ್ಚುಕಡಿಮೆ ಒಂದು ಮತ್ತು ಮೂರನೇ ಒಂದು ಪಾಲು ಆಗುತ್ತದೆ.

ಇಂಗ್ಲೆಂಡಿನಲ್ಲಿ ಟ್ಯಾಂಕಿಗೆ 2 ಎಂಎಲ್ ಮಿತಿ ಇದೆಯಲ್ಲ, ಅದನ್ನೇ ಲೆಕ್ಕಕ್ಕೆ ಇಟ್ಟುಕೊಳ್ಳಿ. ಅರ್ಧ ತುಂಬಿದ್ದರೆ ಗಾಳಿ 1 ಎಂಎಲ್. ಅದು ಉಬ್ಬಿ ಸುಮಾರು 0.3 ಎಂಎಲ್ ಜಾಗ ಜಾಸ್ತಿ ಕೇಳುತ್ತದೆ. ಗಾಜು ಹಿಗ್ಗುವುದಿಲ್ಲ. ಹಾಗಾಗಿ ಅಷ್ಟೇ ಲಿಕ್ವಿಡ್ಡನ್ನು ಹೊರಗೆ ತಳ್ಳುತ್ತದೆ. ಆರು ಹನಿ ಆಯಿತು. ಟ್ಯಾಂಕ್ ನೆಟ್ಟಗೆ ನಿಂತಿದ್ದರೆ ಗಾಳಿ ಮೇಲೆ, ಲಿಕ್ವಿಡ್ ಕೆಳಗೆ. ಕೆಳಗೇ ಲಿಕ್ವಿಡ್ಡನ್ನು ಬಿಸಿ ಮಾಡಿ ಆವಿ ಮಾಡುವ ಕಾಯಿಲ್ ಇರುವುದು, ಕಾಯಿಲಿನ ಹತ್ತಿ ಲಿಕ್ವಿಡ್ ಹೀರುವ ಸಣ್ಣ ತೂತುಗಳೂ ಅಲ್ಲೇ ಇರುವುದು. ಗಾಳಿ ಮೇಲಿಂದ ಒತ್ತುತ್ತದೆ, ಲಿಕ್ವಿಡ್ ಹತ್ತಿ ದಾಟಿ ನಡುವಿನ ಕೊಳವೆಗೆ ಇಳಿಯುತ್ತದೆ, ಅಲ್ಲಿಂದ ಗಾಳಿ ಬರುವ ಕಿಂಡಿಯಿಂದ ನಿಮ್ಮ ಬ್ಯಾಗಿಗೆ. ನಿಮ್ಮ ಟ್ಯಾಂಕಿನಲ್ಲಿ ಏನೂ ದೋಷ ಇಲ್ಲ.

ವಾಪಸು ಬರುವಾಗ ಅಳಿಯನಿಗೆ ಹೇಳಿ ಒಂದು ಸಣ್ಣ ಪರೀಕ್ಷೆ ಮಾಡಿದೆ. ಅವರ ಹತ್ತಿರ ಒಂದೇ ತರಹದ ಎರಡು ಟ್ಯಾಂಕ್ ಇದ್ದವು. ಎರಡನ್ನೂ ಅರ್ಧರ್ಧ ತುಂಬಿಸಿ, ಬಿಳಿ ಟಿಶ್ಯೂ ಸುತ್ತಿ, ಬೇರೆ ಬೇರೆ ಜಿಪ್ ಕವರಿಗೆ ಹಾಕಿದೆವು. ಒಂದನ್ನು ನೆಟ್ಟಗೆ, ಇನ್ನೊಂದನ್ನು ತಲೆಕೆಳಗಾಗಿ. ಅಂದರೆ ಬಾಯಿಗಿಡುವ ಕಡೆ ಕೆಳಗೆ, ಕಾಯಿಲ್ ಮೇಲೆ. ಎರಡೂ ಕವರುಗಳನ್ನು ಒಂದು ಸ್ಟೀಲ್ ಲೋಟದಲ್ಲಿ ನಿಲ್ಲಿಸಿ ನನ್ನ ಕಾಲ ಹತ್ತಿರದ ಚೀಲದಲ್ಲಿ ಇಟ್ಟುಕೊಂಡೆ. ಮುಕ್ಕಾಲು ಗಂಟೆ ಬಿಟ್ಟು ಬಗ್ಗಿ ನೋಡಿದರೆ ಎರಡೂ ಕವರು ಪೂರಿ ಹಾಗೆ ಉಬ್ಬಿದ್ದವು. ಇಳಿದು ಮನೆಗೆ ಬಂದು ಅಡುಗೆಮನೆ ಟೇಬಲಿನ ಮೇಲೆ ಬಿಚ್ಚಿದೆವು. ನೆಟ್ಟಗಿದ್ದ ಟ್ಯಾಂಕಿನ ಟಿಶ್ಯೂ ಬುಡದಲ್ಲಿ ಒದ್ದೆ, ಎರಡು ರೂಪಾಯಿ ನಾಣ್ಯದಷ್ಟು ಅಗಲ ಹಳದಿ ಕಲೆ, ಪುದೀನ ವಾಸನೆ. ತಲೆಕೆಳಗಾಗಿದ್ದುದರ ಟಿಶ್ಯೂ ಒಣಗಿದ್ದು ಒಣಗಿದ್ದ ಹಾಗೇ ಇತ್ತು. ಅಳಿಯ ಎರಡು ಟಿಶ್ಯೂಗಳನ್ನೂ ಪಕ್ಕಪಕ್ಕ ಇಟ್ಟು ಫೋಟೋ ತೆಗೆದುಕೊಂಡರು.

ಯಾಕೆ ಹೀಗೆ ಅಂದರೆ, ತಲೆಕೆಳಗು ಮಾಡಿದಾಗ ಹತ್ತಿಯ ಪಕ್ಕದಲ್ಲಿ ಇರುವುದು ಗಾಳಿ. ಉಬ್ಬಿದ ಗಾಳಿಗೆ ಹೊರಗೆ ಹೋಗಲು ದಾರಿ ಸಿಗುತ್ತದೆ, ಲಿಕ್ವಿಡ್ಡನ್ನು ತಳ್ಳುವ ಅಗತ್ಯ ಇಲ್ಲ. ದಾರಿಯ ಬಾಗಿಲಲ್ಲಿ ಗಾಳಿ ಇರಬೇಕು, ನೀರು ಇರಬಾರದು. ಇದನ್ನು ನೆನಪಿಟ್ಟುಕೊಂಡರೆ ಮುಂದಿನ ಎರಡು ಪ್ರಶ್ನೆಗಳಿಗೂ ಇದೇ ಉತ್ತರ.

ಆದರೆ ಬ್ಯಾಗು ಅತ್ತಿತ್ತ ಉರುಳುತ್ತದೆ. ಮೂರು ಗಂಟೆ ಲೋಟ ಕಾಯುತ್ತಾ ಕೂರಲು ಎಲ್ಲರಿಗೂ ಆಗುವುದಿಲ್ಲ. ಹಾಗಾಗಿ ಎಲ್ಲಕ್ಕಿಂತ ಗಟ್ಟಿ ಉಪಾಯ ಟ್ಯಾಂಕ್ ಪೂರ್ತಿ ಖಾಲಿ ಮಾಡುವುದು. ಮನೆ ಬಿಡುವ ಮೊದಲು ಲಿಕ್ವಿಡ್ಡನ್ನು ಬಾಟಲಿಗೆ ವಾಪಸು ಸುರಿಯಿರಿ. ಕಾಯಿಲ್ ತೆಗೆದು ಟಿಶ್ಯೂ ಮೇಲೆ ಒತ್ತಿ ಒರೆಸಿ, ಟ್ಯಾಂಕ್ ಒಣಗಿಸಿ, ಬೇರೆ ಬೇರೆ ಇಟ್ಟುಕೊಳ್ಳಿ. ಖಾಲಿ ಮಾಡಲು ಮನಸ್ಸಿಲ್ಲದಿದ್ದರೆ ಬಾಯಿವರೆಗೂ ತುಂಬಿಸಿ. ಗಾಳಿ ಕಡಿಮೆ ಇದ್ದಷ್ಟೂ ತಳ್ಳುವ ಶಕ್ತಿ ಕಡಿಮೆ. ಅರ್ಧಂಬರ್ಧ ಮಾತ್ರ ಯಾವತ್ತೂ ಬೇಡ. ಗಾಳಿಯ ಕಿಂಡಿ ಮುಚ್ಚುವ ಸೌಲಭ್ಯ ಇದ್ದರೆ ಮುಚ್ಚಿ. ರಬ್ಬರ್ ರಿಂಗ್ ಚಪ್ಪಟೆ ಆಗಿದ್ದರೆ ಬದಲಾಯಿಸಿ. ತೆಳು ಲಿಕ್ವಿಡ್ ಜಾಸ್ತಿ ಸೋರುತ್ತದೆ, ಗಟ್ಟಿಯದು ಕಡಿಮೆ.

ಲಿಕ್ವಿಡ್ ಬಾಟಲಿಗೂ ಒಂದು ಉಪಾಯ ಇದೆ. ಮೆತ್ತಗಿನ 10 ಎಂಎಲ್ ಬಾಟಲಿಯನ್ನು ಬೆರಳಲ್ಲಿ ಸ್ವಲ್ಪ ಒತ್ತಿ, ಒಳಗಿನ ಗಾಳಿ ಹೊರಗೆ ಬಿಟ್ಟು, ಒತ್ತಿ ಹಿಡಿದೇ ಮುಚ್ಚಳ ತಿರುಗಿಸಿ. ಬಾಟಲಿಯ ಹೊಟ್ಟೆ ಒಳಗೆ ಹೋಗಿರುತ್ತದೆ. ಮೇಲೆ ಹೋದಾಗ ಉಳಿದ ಗಾಳಿ ಉಬ್ಬಿ ಆ ಹೊಟ್ಟೆಯನ್ನು ತುಂಬುತ್ತದೆ, ಮುಚ್ಚಳದ ಕಡೆ ಬರುವುದಿಲ್ಲ.

ಟ್ಯಾಂಕಿನ ಬದಲು ಪಾಡ್, ಅಂದರೆ ಲಿಕ್ವಿಡ್ ತುಂಬಿಸಿಯೇ ಬರುವ ಪುಟ್ಟ ಡಬ್ಬಿ ಬಳಸುತ್ತಿದ್ದರೆ ಖಾಲಿ ಮಾಡಲು ಆಗುವುದಿಲ್ಲ. ತೆರೆಯದ ಪಾಡುಗಳನ್ನೇ ಒಯ್ಯಿರಿ. ಅರ್ಧ ಸೇದಿದ ಪಾಡನ್ನು ಮನೆಯಲ್ಲೇ ಬಿಡಿ.

ಸೋರಿದ್ದನ್ನು ಸುಮ್ನೆ ಕೈಯಲ್ಲಿ ಒರೆಸಬೇಡಿ. ನಿಕೋಟಿನ್ ಚರ್ಮದ ಮೂಲಕ ಒಳಗೆ ಹೋಗುತ್ತದೆ. ಟಿಶ್ಯೂನಲ್ಲಿ ಒರೆಸಿ, ಸೋಪು ಹಾಕಿ ಕೈ ತೊಳೆಯಿರಿ. ಮದುವೆ ಮನೆಯಲ್ಲಿ ಮಕ್ಕಳು ಓಡಾಡುತ್ತಿರುತ್ತಾರೆ. ಬಾಟಲಿ ಅವರ ಕೈಗೆ ಸಿಗದ ಕಡೆ ಇರಲಿ. ಅದರ ಮೇಲೆ ಹಣ್ಣಿನ ಚಿತ್ರ ಇರುತ್ತದೆ, ವಾಸನೆಯೂ ಮಿಠಾಯಿಯದು. ಪುಟ್ಟ ಮಗು ಒಂದು ಗುಟುಕು ಕುಡಿದರೂ ಜೀವಕ್ಕೆ ಅಪಾಯ. ಇದನ್ನು ನಾನು ಹೆದರಿಸಲು ಹೇಳುತ್ತಿಲ್ಲ.

ವೇಪನ್ನು ಚೆಕ್-ಇನ್ ಸೂಟ್‌ಕೇಸಿಗೆ ಹಾಕಬಾರದು. ಒಳಗೆ ಲಿಥಿಯಂ ಬ್ಯಾಟರಿ ಇರುತ್ತದೆ. ಲಗೇಜ್ ಗೂಡಿನಲ್ಲಿ ಬೆಂಕಿ ಹತ್ತಿದರೆ ಕೈಗೆ ಸಿಗುವುದಿಲ್ಲ. ಕೈಚೀಲದಲ್ಲಿ ಇಟ್ಟುಕೊಳ್ಳಿ, ಆಫ್ ಮಾಡಿ. ಬಟನ್ ಐದು ಸಲ ಒತ್ತಿದರೆ ಆಫ್ ಆಗುವಂಥದ್ದೇ ಜಾಸ್ತಿ. ಬ್ಯಾಟರಿ ಬಿಚ್ಚುವಂಥದ್ದಾದರೆ ಪ್ಲಾಸ್ಟಿಕ್ ಡಬ್ಬಿಗೆ ಹಾಕಿ, ನಾಣ್ಯ ಬೀಗದಕೈ ತಾಗಬಾರದು. ವಿಮಾನದಲ್ಲಿ ಚಾರ್ಜ್ ಮಾಡುವ ಹಾಗಿಲ್ಲ, ಸೇದುವ ಹಾಗಂತೂ ಇಲ್ಲವೇ ಇಲ್ಲ. ಇಳಿದ ಮೇಲೆ ಹೊಸದಾಗಿ ತುಂಬಿಸಿ ಹತ್ತು ನಿಮಿಷ ಹಾಗೇ ಬಿಡಿ. ಹತ್ತಿ ನೆನೆಯದೆ ಎಳೆದರೆ ಸುಟ್ಟ ವಾಸನೆ ಬಂದು ಕಾಯಿಲ್ ಹೋಗುತ್ತದೆ.

ಇಷ್ಟೆಲ್ಲ ಸ್ಪೇನಿಗೆ. ಡಿಸೆಂಬರಿನ ಊರ ಪ್ರಯಾಣಕ್ಕೆ ನನ್ನ ಉತ್ತರ ಒಂದೇ: ತರಲೇಬೇಡಿ.

ಕರ್ನಾಟಕ ಸರ್ಕಾರ 2016ರಲ್ಲೇ ಇ-ಸಿಗರೇಟ್ ನಿಷೇಧಿಸಿತ್ತು. 2019ರ ಸೆಪ್ಟೆಂಬರಿನಲ್ಲಿ ಕೇಂದ್ರ ಸರ್ಕಾರ ಸುಗ್ರೀವಾಜ್ಞೆ ತಂದಿತು, ಅದೇ ವರ್ಷದ ಡಿಸೆಂಬರಿನಲ್ಲಿ ಅದು ಕಾಯಿದೆ ಆಯಿತು. ತಯಾರಿಸುವುದು, ಆಮದು ಮಾಡುವುದು, ಸಾಗಿಸುವುದು, ಮಾರುವುದು, ಜಾಹೀರಾತು ಎಲ್ಲ ನಿಷಿದ್ಧ. ಮೊದಲ ಸಲಕ್ಕೆ ಒಂದು ವರ್ಷದವರೆಗೆ ಜೈಲು, ಇಲ್ಲವೇ ಒಂದು ಲಕ್ಷ ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. "ನನ್ನ ಸ್ವಂತಕ್ಕೆ ಒಂದೇ ಒಂದು" ಅಂತ ಕೆಲವರು ವಾದ ಮಾಡುತ್ತಾರೆ. ಸೇದುವುದನ್ನೇ ಅಪರಾಧ ಅಂತ ಕಾಯಿದೆ ಹೇಳುವುದಿಲ್ಲ, ನಿಜ. ಆದರೆ ಹೊರದೇಶದಿಂದ ತಂದಿರಿ ಅಂದರೆ ಆಮದಿನ ಮಾತು ಬರುತ್ತದೆ. ಭಾರತದ ವಿಮಾನಗಳಲ್ಲಿ ಕೈಚೀಲದಲ್ಲೂ ಸೂಟ್‌ಕೇಸಿನಲ್ಲೂ ಅದಕ್ಕೆ ಜಾಗ ಇಲ್ಲ. ಅಪ್ಪ ಅಮ್ಮ ಹೊರಗೆ ಕಾಯುತ್ತಾ ನಿಂತಿರುವಾಗ ನೀವು ಕಸ್ಟಮ್ಸ್ ಟೇಬಲಿನ ಮುಂದೆ ನಿಲ್ಲಬೇಕಾ? ದಾರಿಯಲ್ಲಿ ಸಿಂಗಪುರದಲ್ಲಿ ಇಳಿಯುವುದಿದ್ದರೆ ಇನ್ನೂ ಕಷ್ಟ. ಅಲ್ಲಿ ಇಟ್ಟುಕೊಂಡಿರುವುದೇ ಅಪರಾಧ.

ಮನೆಯಲ್ಲಿ ಬಿಟ್ಟು ಬನ್ನಿ. ಆ ದಿನಗಳಿಗೆ ನಿಕೋಟಿನ್ ಗಮ್ ಅಥವಾ ಪ್ಯಾಚ್ ಅಂತ ಅಲ್ಲೇ ನಿಮ್ಮ ಫಾರ್ಮಸಿಸ್ಟ್ ಹತ್ತಿರ ಕೇಳಿ, ಎಷ್ಟು ಬೇಕು ಅವರು ಹೇಳುತ್ತಾರೆ. ಗಮ್ ನಮ್ಮ ಮೆಡಿಕಲ್ ಶಾಪುಗಳಲ್ಲೂ ಸಿಗುತ್ತದೆ. ಅದನ್ನು ಚೂಯಿಂಗ್ ಗಮ್ ಹಾಗೆ ಅಗಿಯುತ್ತಾ ಇರಬಾರದು. ನಾಲ್ಕೈದು ಸಲ ಅಗಿದು, ಚುರುಗುಟ್ಟಿದ ಮೇಲೆ ಕೆನ್ನೆಗೂ ವಸಡಿಗೂ ಮಧ್ಯೆ ಇಟ್ಟುಕೊಳ್ಳಬೇಕು. ಶಾಂತಿ ದಿನ ನೆಂಟರಿಷ್ಟರ ನಡುವೆ ಯಾರಾದರೂ ಸಿಗರೇಟ್ ಪ್ಯಾಕ್ ಚಾಚುತ್ತಾರೆ. ಆಗ ಜೇಬಿನಲ್ಲಿ ಗಮ್ ಇರಲಿ.

ಪ್ರಶ್ನೆ: ಮಗಳು ಅಮೆರಿಕದ ಡಲ್ಲಾಸ್‌ನಲ್ಲಿದ್ದಾಳೆ. ಪ್ರತಿ ವರ್ಷ ಅಪ್ಪೆಮಿಡಿ ಉಪ್ಪಿನಕಾಯಿ ಕಳಿಸುತ್ತೇನೆ. ಈ ವರ್ಷ ರಸ ಸೋರಿ ಅವಳ ಎರಡು ಸೀರೆ ಹಾಳಾದವು. ಬಾಟಲಿ ಬಿಗಿಯಾಗೇ ಮುಚ್ಚಿದ್ದೆ. ಎಲ್ಲಿ ತಪ್ಪಾಯಿತು?
— ಓದುಗರು, ಶಿರಸಿ

ಉತ್ತರ: ಅಕ್ಕಾ, ನಿಮ್ಮ ಕೈಯಲ್ಲಿ ತಪ್ಪಾಗಿಲ್ಲ. ಶಿರಸಿ ಸಮುದ್ರ ಮಟ್ಟದಿಂದ ಸುಮಾರು 600 ಮೀಟರ್ ಮೇಲಿದೆ. ಅಲ್ಲಿ ಮುಚ್ಚಿದ ಬಾಟಲಿಯೊಳಗೆ ಶಿರಸಿಯ ಗಾಳಿಯೇ ಇರುತ್ತದೆ. ವಿಮಾನದ ಲಗೇಜ್ ಗೂಡಿನಲ್ಲೂ ಒತ್ತಡ ನಾವು ಕೂರುವ ಕಡೆಯಷ್ಟೇ ಇರುತ್ತದೆ, ಅಂದರೆ ಕಡಿಮೆ. ಲೆಕ್ಕ ಹಾಕಿ ನೋಡಿದೆ. ಬಾಟಲಿಯ ಬಾಯಿ 6 ಸೆಂಟಿಮೀಟರ್ ಅಗಲ ಇದ್ದರೆ, ಒಳಗಿಂದ ಮುಚ್ಚಳದ ಮೇಲೆ 5 ಕೆಜಿಗೂ ಜಾಸ್ತಿ ಭಾರ ಇಟ್ಟ ಹಾಗೆ ಒತ್ತಡ ಬೀಳುತ್ತದೆ. ಬಾಟಲಿ ನೆಟ್ಟಗಿದ್ದರೆ ಸ್ವಲ್ಪ ಗಾಳಿ ಹೊರಗೆ ಹೋಗಿ ಸುಮ್ಮನಾಗುತ್ತದೆ. ಮಲಗಿದ್ದರೆ ಮುಚ್ಚಳದ ಹತ್ತಿರ ರಸ ಇರುತ್ತದೆ, ಅದೇ ಹೊರಗೆ ಬರುತ್ತದೆ. ಸೂಟ್‌ಕೇಸು ಯಾವಾಗಲೂ ಮಲಗೇ ಇರುತ್ತದೆ ಅಲ್ವಾ?

ಎಣ್ಣೆ ಉಪ್ಪಿನಕಾಯಿಗಿಂತ ನಿಮ್ಮ ಮಿಡಿಯ ಉಪ್ಪಿನಕಾಯಿಗೆ ಈ ಕಾಟ ಜಾಸ್ತಿ. ಉಪ್ಪುನೀರಿನ ರಸ ಎಣ್ಣೆಗಿಂತ ತೆಳು, ಕೂದಲೆಳೆಯಷ್ಟು ಸಂದಿ ಸಿಕ್ಕರೂ ನುಗ್ಗುತ್ತದೆ. ಹೊಸ ಉಪ್ಪಿನಕಾಯಿ ಒಳಗೊಳಗೇ ಹುದುಗಿ ಗಾಳಿಯನ್ನೂ ಬಿಡುತ್ತಿರುತ್ತದೆ. ಆದ್ದರಿಂದ ಈ ವರ್ಷದ್ದನ್ನು ತಕ್ಷಣ ಕಳಿಸಬೇಡಿ. ಭರಣಿಯಲ್ಲಿ ಪೂರ್ತಿ ಕಳಿತ ಮೇಲೆ ಕಳಿಸಿ. ಗಾಜಿನ ಬಾಟಲಿ ಬಿಡಿ. ದಪ್ಪ ಪ್ಲಾಸ್ಟಿಕ್ ಪೌಚಿಗೆ ಹಾಕಿ, ಗಾಳಿ ಪೂರ್ತಿ ಒತ್ತಿ ತೆಗೆದು, ಬಿಸಿ ಸೀಲ್ ಮಾಡಿಸಿ. ಸೀಲಿನ ಜಾಗ ಒಂದು ಚೂರೂ ಒದ್ದೆ ಇರಬಾರದು. ರಸ ತಾಗಿದ ಕಡೆ ಸೀಲ್ ಕೂರುವುದಿಲ್ಲ. ಅದರ ಮೇಲೆ ಇನ್ನೊಂದು ಪೌಚು. ಆಮೇಲೆ ಹಳೆ ಟವೆಲ್ಲಿನಲ್ಲಿ ಸುತ್ತಿ ಡಬ್ಬಿಗೆ. ಸೀರೆ ಬೇರೆ ಪೆಟ್ಟಿಗೆಗೆ.

ಬಾಟಲಿಯಲ್ಲೇ ಕಳಿಸಬೇಕು ಅಂತಿದ್ದರೆ ಒಂದು ಕೆಲಸ ಮಾಡಿ. ಬೆಂಗಳೂರಿಗೆ ಬಂದ ಮೇಲೆ, ಏರ್‌ಪೋರ್ಟಿಗೆ ಹೊರಡುವ ಮೊದಲು, ಒಮ್ಮೆ ಮುಚ್ಚಳ ತೆಗೆದು ಮತ್ತೆ ಮುಚ್ಚಿ. ಬೆಂಗಳೂರು ಶಿರಸಿಗಿಂತ ಎತ್ತರ, ಸುಮಾರು 920 ಮೀಟರ್. ಒಳಗಿನ ಒತ್ತಡ ಅಷ್ಟರಮಟ್ಟಿಗೆ ಇಳಿಯುತ್ತದೆ, ಐದೂವರೆ ಕೆಜಿಯ ಹತ್ತಿರ ಇದ್ದದ್ದು ನಾಲ್ಕೂವರೆಯ ಹತ್ತಿರ ಬರುತ್ತದೆ. ಬಾಯಿ ಒರೆಸಿ, ತೆಳು ಪ್ಲಾಸ್ಟಿಕ್ ಹಾಳೆ ಹಾಕಿ, ಅದರ ಮೇಲೆ ಮುಚ್ಚಿ ಟೇಪ್ ಸುತ್ತಿ.

ಕೊಬ್ಬರಿ ಮಾತ್ರ ಕಳಿಸಬೇಡಿ. ಎಣ್ಣೆ ಅಂಶ ಜಾಸ್ತಿ, ತಾನಾಗಿ ಬಿಸಿಯಾಗುವ ಪದಾರ್ಥ ಅಂತ ಸೆಕ್ಯುರಿಟಿಯವರು ತೆಗೆದಿಡುತ್ತಾರೆ. ಅಲ್ಲಿ ಇಳಿದಾಗ ತಿನ್ನುವ ಪದಾರ್ಥ ಇದೆಯಾ ಅಂತ ಕೇಳಿದರೆ ಮಗಳು ಇದೆ ಅಂತಲೇ ಹೇಳಬೇಕು. ಮುಚ್ಚಿಟ್ಟರೆ ದಂಡ. ಸೀರೆಯ ಅರಿಸಿನದ ಕಲೆಗೆ ಸೋಪು ಹಚ್ಚಿ ಬಿಸಿಲಿಗೆ ಹಾಕಲು ಹೇಳಿ. ರೇಷ್ಮೆ ಆಗಿದ್ದರೆ ಬಿಸಿಲು ಬೇಡ, ಡ್ರೈಕ್ಲೀನಿಂಗಿಗೆ ಕೊಡಲಿ.

ಪ್ರಶ್ನೆ: ನಾನು ಇಂಕ್ ಪೆನ್ನಿನಲ್ಲೇ ಬರೆಯುವವನು. ಮೊದಲ ಸಲ ವಿಮಾನದಲ್ಲಿ ದೆಹಲಿಗೆ ಸಂದರ್ಶನಕ್ಕೆ ಹೋಗುತ್ತಿದ್ದೇನೆ. ಪೆನ್ನು ಸೋರುತ್ತದೆ ಅಂತ ಗೆಳೆಯರು ಹೆದರಿಸುತ್ತಿದ್ದಾರೆ.
— ವಿದ್ಯಾರ್ಥಿ, ಧಾರವಾಡ

ಉತ್ತರ: ಸೋರಬಹುದು, ಆದರೆ ತಡೆಯುವುದು ಸುಲಭ. ಮೇಲಿನ ಅದೇ ಲೆಕ್ಕ. ಇಂಕ್ ಪೂರ್ತಿ ತುಂಬಿಸಿ, ಅಥವಾ ಪೂರ್ತಿ ಖಾಲಿ ಮಾಡಿ. ನಿಬ್ ಮೇಲೆ ಇರುವ ಹಾಗೆ ಇಟ್ಟುಕೊಳ್ಳಿ. ಆಗ ನಿಬ್ಬಿನ ಹತ್ತಿರ ಗಾಳಿ ಇರುತ್ತದೆ, ಅದು ತಾನಾಗಿ ಹೊರಗೆ ಹೋಗುತ್ತದೆ. ವಿಮಾನ ಏರುವಾಗ ಬರೆಯಬೇಡಿ. ನಾನು ಒಮ್ಮೆ ಪರೀಕ್ಷಾ ಕೆಲಸಕ್ಕೆ ದೆಹಲಿಗೆ ಹೋಗುವಾಗ, ಏರುತ್ತಿದ್ದ ಹೊತ್ತಿಗೇ ಕ್ಯಾಪ್ ತೆಗೆದು ಡೈರಿ ಬರೆಯಲು ಕೂತೆ. ಪೆನ್ನಿನಲ್ಲಿ ಕಾಲು ಭಾಗ ಇಂಕ್ ಇತ್ತು. ನಿಬ್ಬಿನ ತುದಿಯಲ್ಲಿ ಒಂದು ನೀಲಿ ಹನಿ ದಪ್ಪಗಾಗುತ್ತಾ ಬಂದು ಸೆರಗಿನ ಮೇಲೆ ಬಿತ್ತು. ಒರೆಸುವಷ್ಟರಲ್ಲಿ ಇನ್ನೊಂದು.

ಪೆನ್ನನ್ನು ಒಂದು ಸಣ್ಣ ಜಿಪ್ ಕವರಿಗೆ ಹಾಕಿ, ಕೈಚೀಲದ ಒಳಜೇಬಿನಲ್ಲಿ ನೆಟ್ಟಗೆ ನಿಲ್ಲಿಸಿ. ಇಳಿದ ಮೇಲೆ ಕ್ಯಾಪ್ ತೆಗೆಯುವಾಗಲೂ ನಿಬ್ ಮೇಲೇ ಇರಲಿ, ಒಮ್ಮೆ ಟಿಶ್ಯೂನಲ್ಲಿ ಒರೆಸಿ. ಸಂದರ್ಶನದ ಬಿಳಿ ಶರ್ಟ್ ಮಾತ್ರ ಪ್ರಯಾಣಕ್ಕೆ ಹಾಕಿಕೊಳ್ಳಬೇಡಿ. ದೆಹಲಿ ತಲುಪಿ, ಪೆನ್ನು ಒರೆಸಿ, ಕೈ ತೊಳೆದುಕೊಂಡ ಮೇಲೆ ಹಾಕಿಕೊಳ್ಳಿ.